‘ಪಾಠ ಎಲ್ಲಿಯವರೆಗೆ ಬಂದಿದೆ?’ ಎಂದು ಕೇಳುವವರಿಗೆ ಒಂದು ಬಹಿರಂಗ ಪತ್ರ

ಶಾಲೆಗಳ ಪಠ್ಯಕ್ರಮ, ವೇಳಾಪಟ್ಟಿ ಮತ್ತು ಪರೀಕ್ಷೆಗಳನ್ನು ರೂಪಿಸುವ ಹಿರಿಯರಿಗೆ,

ಮಾನ್ಯರೇ,

ಹತ್ತು–ಹನ್ನೆರಡು ವರ್ಷದ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಈ ಅವಧಿಯಲ್ಲಿ ನನ್ನ ತರಗತಿಯನ್ನು ತಪಾಸಣೆ ಮಾಡಲು ಬಂದವರು ಅನೇಕರು. ಅವರಲ್ಲಿ ಸಜ್ಜನರೂ ಇದ್ದರು, ಸಿಡುಕಿನವರೂ ಇದ್ದರು. ಆದರೆ ಬಾಗಿಲಲ್ಲಿ ನಿಂತು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು: ‘ಪಾಠ ಎಲ್ಲಿಯವರೆಗೆ ಬಂದಿದೆ?’ ಮಕ್ಕಳು ಎಲ್ಲಿಯವರೆಗೆ ಬಂದಿದ್ದಾರೆ ಎಂದು ಕೇಳಿದವರು ನನ್ನ ನೆನಪಿನಲ್ಲಿ ಇಬ್ಬರೇ ಇಬ್ಬರು.

ಈಗ ‘ಭವಿಷ್ಯದ ಶಾಲೆ’ ಎಂಬ ಹೆಸರಿನಲ್ಲಿ ಒಂದರ ಹಿಂದೊಂದು ಯೋಜನೆಗಳು ಸಿದ್ಧವಾಗುತ್ತಿವೆ. ಅಂತಹ ಕರಡುಗಳನ್ನು ನಾನು ಆಸಕ್ತಿಯಿಂದಲೇ ಓದುತ್ತೇನೆ. ಹೊಸ ಉಪಕರಣಗಳ ಪಟ್ಟಿ ಅವುಗಳಲ್ಲಿ ಇರುತ್ತದೆ, ಹೊಸ ಕೌಶಲಗಳ ಪಟ್ಟಿ ಇರುತ್ತದೆ, ಹೊಸದಾಗಿ ಸೇರಿಸಬೇಕಾದ ವಿಷಯಗಳ ಪಟ್ಟಿಯಂತೂ ತಪ್ಪದೆ ಇರುತ್ತದೆ. ಆದರೆ ಇಷ್ಟನ್ನೂ ಕಲಿಯಲು ಮಗುವಿಗೆ, ಕಲಿಸಲು ಶಿಕ್ಷಕರಿಗೆ ಬೇಕಾಗುವ ಹೊತ್ತು ಎಲ್ಲಿಂದ ಬರುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾವ ಕರಡಿನಲ್ಲಿಯೂ ನಾನು ಕಂಡಿಲ್ಲ. ಬೋಧನೆ ಮತ್ತು ಕಲಿಕೆಯನ್ನು ಮರುಚಿಂತಿಸುವುದಾದರೆ ಮೊದಲು ಮರುಚಿಂತಿಸಬೇಕಾದದ್ದು ಶಾಲೆಯ ಸಮಯವನ್ನು ಎಂಬುದು ನನ್ನ ಅಭಿಪ್ರಾಯ. ಈ ಪತ್ರದಲ್ಲಿ ಹೇಳಬೇಕೆಂದಿರುವುದು ಅದನ್ನೇ.

ಒಂದು ಪ್ರಸಂಗದಿಂದ ಆರಂಭಿಸಲು ಅನುಮತಿ ಕೊಡಿ. ಭಿನ್ನರಾಶಿಗಳ ಸಂಕಲನ ನಡೆಯುತ್ತಿತ್ತು. ಕರಿಹಲಗೆಯ ಮೇಲೆ 1/2 + 1/3 ಎಂದು ಬರೆದು ಉತ್ತರ ಕೇಳಿದೆ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿ 2/5 ಎಂದಳು. ಮೇಲಿನ ಅಂಶಗಳನ್ನು ಕೂಡಿ, ಕೆಳಗಿನ ಛೇದಗಳನ್ನು ಕೂಡಿ ಬಿಡುವ ಈ ತಪ್ಪನ್ನು ಕಾಣದ ಗಣಿತ ಶಿಕ್ಷಕರು ಯಾರೂ ಇರಲಾರರು. ಬೇರೆ ದಿನವಾಗಿದ್ದರೆ ‘ತಪ್ಪು, ಮುಂದಿನವರು’ ಎಂದು ಹೇಳಿ ಸಾಗಿಬಿಡುತ್ತಿದ್ದೆ. ಅಂದು ನನಗೆ ಗಂಟಲು ಕಟ್ಟಿತ್ತು. ಹೆಚ್ಚು ಮಾತನಾಡಲು ಆಗುತ್ತಿರಲಿಲ್ಲ. ‘ಹೇಗೆ ಬಂತು?’ ಎಂದಷ್ಟೇ ಕೇಳಿ ಸುಮ್ಮನೆ ನಿಂತೆ. ಅವಳೂ ಸುಮ್ಮನೆ ನಿಂತಳು. ಆ ಮೌನ ಎಷ್ಟು ಹೊತ್ತಿನದೋ ಹೇಳಲಾರೆ, ಆದರೆ ತರಗತಿಗೆ ಅದು ಅಭ್ಯಾಸವಿಲ್ಲದಷ್ಟು ದೀರ್ಘವಾಗಿತ್ತು. ಆಮೇಲೆ ಅವಳು ಹೇಳಿದಳು: ‘ಸರ್, ಮೊದಲನೇ ಕಿರುಪರೀಕ್ಷೆಯಲ್ಲಿ ಎರಡು ಪ್ರಶ್ನೆಗೆ ನನ್ನದು ಒಂದು ಸರಿ ಇತ್ತು. ಎರಡನೇದರಲ್ಲಿ ಮೂರಕ್ಕೆ ಒಂದು ಸರಿ. ಕೊನೆಗೆ ನೀವೇ ಐದಕ್ಕೆ ಎರಡು ಅಂತ ಬರೆದುಕೊಟ್ಟಿರಿ.’

ಅವಳ ಮಾತು ನಿಜವಾಗಿತ್ತು. ಅಂಕಪಟ್ಟಿಯಲ್ಲಿ ನಾನು ಪ್ರತಿ ತಿಂಗಳೂ ಮಾಡುತ್ತಿದ್ದ ಕೂಡಿಕೆಯೇ ಅದು. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮತ್ತೊಬ್ಬ ಹುಡುಗ ಎದ್ದು, ‘ಆದರೆ ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತೆ?’ ಎಂದ. 2/5 ಎಂಬುದು 1/2ಕ್ಕಿಂತ ಚಿಕ್ಕದೆಂದು ಅವನಿಗೆ ಹೊಳೆದಿತ್ತು. ಅಲ್ಲಿಂದ ಮುಂದೆ ಪಾಠ ನನ್ನ ಕೈಯಲ್ಲಿ ಉಳಿಯಲಿಲ್ಲ. ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಮಡಚಿ, ಒಂದನ್ನು ಎರಡು ಪಾಲು, ಮತ್ತೊಂದನ್ನು ಮೂರು ಪಾಲು ಮಾಡಿ ನೋಡಿದರು. ಎರಡು ಪ್ರಶ್ನೆಯ ಪತ್ರಿಕೆ ಮತ್ತು ಮೂರು ಪ್ರಶ್ನೆಯ ಪತ್ರಿಕೆ ಒಂದೇ ಉದ್ದದವಲ್ಲ ಎಂದು ವಾದಿಸಿದರು. ಕೊನೆಗೆ ಯಾರೋ ಒಬ್ಬರು, ‘ಮೊದಲು ಪೂರ್ತಿ ಅಂದರೆ ಎಷ್ಟು ಅಂತ ಹೇಳಬೇಕು, ಆಮೇಲೆ ಕೂಡಬೇಕು’ ಎಂದರು. ಭಿನ್ನರಾಶಿಯ ಅಧ್ಯಾಯದ ಸಾರವನ್ನು ಇಷ್ಟು ಚೊಕ್ಕವಾಗಿ ಹೇಳಲು ನನಗೇ ಎಂದೂ ಸಾಧ್ಯವಾಗಿರಲಿಲ್ಲ. ಗಂಟೆ ಬಾರಿಸಿತು. ಅಭ್ಯಾಸದ ಒಂದು ಲೆಕ್ಕವೂ ಆಗಿರಲಿಲ್ಲ. ಆ ಚರ್ಚೆ ಮತ್ತೆರಡು ಅವಧಿಗಳನ್ನು ನುಂಗಿತು. ತಿಂಗಳ ಕೊನೆಗೆ ನಾನು ವೇಳಾಪಟ್ಟಿಗಿಂತ ಒಂದು ಅಧ್ಯಾಯ ಹಿಂದೆ ಬಿದ್ದಿದ್ದೆ, ಅದಕ್ಕೆ ಲಿಖಿತ ವಿವರಣೆಯನ್ನೂ ಕೊಡಬೇಕಾಯಿತು. ಆ ತಪ್ಪು ಆ ತರಗತಿಯಿಂದ ಪೂರ್ತಿ ತೊಲಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ತಪ್ಪು ಬರೆದ ಮಕ್ಕಳು ನಾನು ಹೇಳುವ ಮೊದಲೇ ‘ಅರ್ಧಕ್ಕಿಂತ ಕಡಿಮೆ ಬಂತಲ್ಲ’ ಎಂದು ತಾವೇ ಹಿಂತಿರುಗಿ ನೋಡತೊಡಗಿದ್ದರು. ವಿವರಣೆ ಬರೆಯುವಾಗ ಇದನ್ನು ಯಾವ ಕಲಮಿನಲ್ಲಿ ತುಂಬಬೇಕೆಂದು ನನಗೆ ತಿಳಿಯಲಿಲ್ಲ.

ಅಂದು ಗಂಟಲುನೋವಿನಿಂದಾಗಿ ನಾನು ಆಕಸ್ಮಿಕವಾಗಿ ಮಾಡಿದ್ದನ್ನು ಅಮೆರಿಕದ ಮೇರಿ ಬಡ್ ರೋವ್ ಎಂಬ ಶಿಕ್ಷಣತಜ್ಞೆ ವರ್ಷಗಟ್ಟಲೆ ಅಳೆದು ನೋಡಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ 1970ರ ದಶಕದಲ್ಲಿ ಅವರು ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಬೇರೆಯವರನ್ನು ಎಬ್ಬಿಸುತ್ತಾರೆ, ಅಥವಾ ತಾವೇ ಉತ್ತರ ಹೇಳಿಬಿಡುತ್ತಾರೆ. ಅದೇ ಶಿಕ್ಷಕರು ಮೂರು ಸೆಕೆಂಡು ಕಾಯಲು ಕಲಿತಾಗ ಮಕ್ಕಳ ಉತ್ತರಗಳು ಹಲವು ಪಟ್ಟು ದೀರ್ಘವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು, ಮಂದಗತಿಯವರು ಎಂದು ಶಿಕ್ಷಕರು ಭಾವಿಸಿದ್ದ ಮಕ್ಕಳೂ ಬಾಯಿ ಬಿಟ್ಟರು. ಇದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ; ಎರಡು ಸೆಕೆಂಡು ಹೆಚ್ಚು ಮೌನ ಸಾಕಾಗಿತ್ತು. ಅರ್ಧ ಶತಮಾನ ಕಳೆದ ಮೇಲೂ ಆ ಎರಡು ಸೆಕೆಂಡುಗಳು ತರಗತಿಗೆ ಏಕೆ ದಕ್ಕಿಲ್ಲ ಎಂದು ಕೇಳಿದರೆ, ಶಿಕ್ಷಕರಿಗೆ ತರಬೇತಿಯಿಲ್ಲ ಎಂಬ ಸಿದ್ಧ ಉತ್ತರ ಬರುತ್ತದೆ. ನನ್ನ ಅನುಭವ ಬೇರೆ. ನಲವತ್ತು ನಿಮಿಷದ ಅವಧಿ, ಅದರಲ್ಲಿ ಹಾಜರಿ, ಮನೆಗೆಲಸದ ಪರಿಶೀಲನೆ, ಇಂತಿಷ್ಟು ಪುಟಗಳ ಗುರಿ, ಇವುಗಳ ನಡುವೆ ಮೌನವಾಗಿ ನಿಂತ ಶಿಕ್ಷಕನಿಗೆ ತಾನು ಕೆಲಸ ಕದಿಯುತ್ತಿದ್ದೇನೆ ಎನ್ನಿಸುತ್ತದೆ. ತರಬೇತಿಯಲ್ಲಿ ‘ಕಾಯಿರಿ’ ಎಂದು ಹೇಳಿಕೊಡುತ್ತೀರಿ, ವೇಳಾಪಟ್ಟಿಯಲ್ಲಿ ‘ಓಡಿರಿ’ ಎನ್ನುತ್ತೀರಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿದೆ.

ಇನ್ನು ಓಡಿ ಮುಗಿಸಿದ ಪಾಠದ ಗತಿ ಏನಾಗುತ್ತದೆ ಎಂಬುದು ಹೊಸ ಸಂಶೋಧನೆಯೇನಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆ ಎಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರ ಮೂರನೇ ಎರಡು ಪಾಲಿನಷ್ಟು ಜಾರಿಹೋಗುತ್ತದೆ ಎಂಬುದು ಅವನಿಗೆ ಕಂಡಿತು. ಅಭ್ಯಾಸವನ್ನು ಒಂದೇ ಸಲ ಸುರಿಯುವುದಕ್ಕಿಂತ ದಿನಗಳ ಅಂತರದಲ್ಲಿ ಹಂಚಿದರೆ ಹೆಚ್ಚು ನಿಲ್ಲುತ್ತದೆ ಎಂಬುದೂ ಕಂಡಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ಒಂದು ಗದ್ಯಭಾಗವನ್ನು ಕೆಲವರು ಎರಡು ಸಲ ಓದಿದರು, ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತ್ತು: ನೆನಪಿನಿಂದ ಬರೆದವರಿಗೆ ಶೇ 56ರಷ್ಟು ಉಳಿದಿತ್ತು, ಎರಡು ಸಲ ಓದಿದವರಿಗೆ ಶೇ 42ರಷ್ಟು. ಪಾಠ ಮಾಡಿದ ದಿನವೇ ‘ಅರ್ಥವಾಯಿತೇ?’ ಎಂದು ಕೇಳಿ, ‘ಆಯಿತು ಸರ್’ ಎಂಬ ಒಕ್ಕೊರಲಿನ ಉತ್ತರ ಪಡೆದು, ದಾಖಲೆ ಪುಸ್ತಕದಲ್ಲಿ ಆ ಅಧ್ಯಾಯದ ಮುಂದೆ ಗುರುತು ಹಾಕುವ ನಮ್ಮೆಲ್ಲರ ಪದ್ಧತಿ ಆ ಐದು ನಿಮಿಷದ ಪರೀಕ್ಷೆಯಂತೆಯೇ ಇದೆ. ಪಾಠ ನಿಂತಿದೆಯೇ ಎಂದು ತಿಳಿಯಬೇಕಾದರೆ ವಾರದ ನಂತರ, ತಿಂಗಳ ನಂತರ ಹಿಂತಿರುಗಬೇಕು. ಹಿಂತಿರುಗುವುದಕ್ಕೆ ವೇಳಾಪಟ್ಟಿಯಲ್ಲಿ ದಾರಿಯೇ ಇಲ್ಲ. ಅದು ಒಮ್ಮುಖ ಸಂಚಾರದ ರಸ್ತೆ.

ಹಾಗೆ ನೋಡಿದರೆ ಕಲಿಕೆಯನ್ನು ಕುಳಿತ ಗಂಟೆಗಳಲ್ಲಿ ಅಳೆಯುವ ಪದ್ಧತಿಯ ಮೂಲದಲ್ಲಿ ಮಕ್ಕಳೇ ಇರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನವು ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲು ಮುಂದಾದಾಗ, ಯಾವ ಸಂಸ್ಥೆಯನ್ನು ಕಾಲೇಜು ಎಂದು ಒಪ್ಪಿಕೊಳ್ಳಬೇಕೆಂಬ ಪ್ರಶ್ನೆ ಎದ್ದಿತು. ಪ್ರವೇಶಕ್ಕೆ ಬರುವ ವಿದ್ಯಾರ್ಥಿ ಪ್ರೌಢಶಾಲೆಯಲ್ಲಿ ಒಂದು ವಿಷಯವನ್ನು ಸುಮಾರು 120 ಗಂಟೆ ಓದಿದ್ದರೆ ಅದು ಒಂದು ಘಟಕ ಎಂಬ ಲೆಕ್ಕ ಹಾಗೆ ಬೇರೂರಿತು. ಪಿಂಚಣಿಗಾಗಿ ಹುಟ್ಟಿದ ಅಳತೆಗೋಲು ನೂರು ವರ್ಷ ಕಳೆದರೂ ಎಷ್ಟೋ ತರಗತಿಗಳನ್ನು ಆಳುತ್ತಿದೆ.

ಪಠ್ಯವನ್ನು ಕಡಿಮೆ ಮಾಡಿದರೆ ಸಾಕೇ ಎಂದು ತಾವು ಕೇಳಬಹುದು. ಸಾಲದು. ಇದಕ್ಕೆ ಎರಡು ದೇಶಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಬೇಕು. ಸಿಂಗಪುರವು 2004ರಲ್ಲಿ ‘ಕಡಿಮೆ ಬೋಧಿಸಿ, ಹೆಚ್ಚು ಕಲಿಯಲಿ’ ಎಂಬ ನೀತಿಯನ್ನು ಘೋಷಿಸಿತು. ಪಠ್ಯದಲ್ಲಿ ಒಂದಷ್ಟನ್ನು ತೆಗೆದು ಆ ಹೊತ್ತನ್ನು ಶಾಲೆಗಳ ಕೈಗೆ ಬಿಟ್ಟಿತು. ಜಪಾನ್ 2002ರಿಂದ ‘ಯುತೊರಿ’, ಅಂದರೆ ಬಿಡುವಿನ ಶಿಕ್ಷಣ ಎಂಬ ಹೆಸರಿನಲ್ಲಿ ಪಠ್ಯಾಂಶವನ್ನು ಸುಮಾರು ಶೇ 30ರಷ್ಟು ಇಳಿಸಿತು. ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಅಂಕ ಇಳಿದಂತೆ ಕಂಡಾಗ ಗದ್ದಲವೆದ್ದು, ಕೆಲವೇ ವರ್ಷಗಳಲ್ಲಿ ಆ ದೇಶ ಮತ್ತೆ ಪಠ್ಯವನ್ನೂ ಅವಧಿಗಳನ್ನೂ ಏರಿಸಿತು. ಬಿಡುವು ಕೊಟ್ಟದ್ದೇ ತಪ್ಪು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನನಗೆ ಕಾಣುವುದು ಬೇರೆ. ಶಾಲೆಯಲ್ಲಿ ಪಠ್ಯ ಇಳಿದರೂ ಮುಂದಿನ ಹಂತದ ಪ್ರವೇಶ ಪರೀಕ್ಷೆ ಹಾಗೆಯೇ ಉಳಿದರೆ, ಪೋಷಕರು ಮಕ್ಕಳನ್ನು ಸಂಜೆಯ ಟ್ಯೂಷನ್ನಿಗೆ ಕಳಿಸದೆ ಇನ್ನೇನು ಮಾಡುತ್ತಾರೆ? ಸೌಲಭ್ಯವಿದ್ದ ಮನೆಯ ಮಗುವಿಗೆ ಬಿಡುವು ಟ್ಯೂಷನ್ ಆಗುತ್ತದೆ, ಇಲ್ಲದ ಮನೆಯ ಮಗುವಿಗೆ ಅದು ಬರೀ ನಷ್ಟವಾಗುತ್ತದೆ. ಪಠ್ಯ, ಅವಧಿ, ಪರೀಕ್ಷೆ ಈ ಮೂರನ್ನೂ ಒಟ್ಟಿಗೆ ಮುಟ್ಟದೆ ಒಂದನ್ನು ಮಾತ್ರ ಮುಟ್ಟುವವರು ಯುತೊರಿಯ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಅದೇ ಜಪಾನಿನಿಂದ ಕಲಿಯಬೇಕಾದ ಮತ್ತೊಂದು ಸಂಗತಿಯ ಮೇಲೆ ಸದ್ದುಗದ್ದಲ ಕಡಿಮೆ. ಅಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ‘ಪಾಠ ಅಧ್ಯಯನ’ದಲ್ಲಿ ಕೆಲವು ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಜಿಸುತ್ತಾರೆ, ಒಬ್ಬರು ಅದನ್ನು ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಗೋಡೆಯ ಬದಿಯಲ್ಲಿ ನಿಂತು ಶಿಕ್ಷಕರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ, ಯಾವ ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂದು ಬರೆದುಕೊಂಡು ಆಮೇಲೆ ಚರ್ಚಿಸುತ್ತಾರೆ. ಒಂದಿಡೀ ಅವಧಿಗೆ ಒಂದೇ ಲೆಕ್ಕ, ಅದಕ್ಕೆ ಮಕ್ಕಳು ಕಂಡುಕೊಂಡ ಮೂರು ನಾಲ್ಕು ದಾರಿಗಳು, ಕೊನೆಯವರೆಗೂ ಅಳಿಸದೆ ಉಳಿಸಿದ ಹಲಗೆಬರಹ: ಆ ಪಾಠಗಳ ವಿವರಣೆ ಓದುವಾಗ ನನಗೆ ಅಸೂಯೆಯಾದದ್ದು ಸುಳ್ಳಲ್ಲ. ನನ್ನ ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ನೋಡುವ ಅವಕಾಶ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿರುವುದು ಅವರು ರಜೆ ಹಾಕಿದ ದಿನಗಳಲ್ಲಿ ಮಾತ್ರ, ಅಂದರೆ ಅವರು ಅಲ್ಲಿ ಇಲ್ಲದಾಗ.

ಈಗ ಎಲ್ಲರ ಬಾಯಲ್ಲಿರುವ ಯಂತ್ರಗಳ ವಿಷಯ. ನಾನು ಯಂತ್ರವಿರೋಧಿಯಲ್ಲ. 2020ರಲ್ಲಿ ಸೋಂಕು ಹರಡಿ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಶಾಲೆ–ಕಾಲೇಜುಗಳ ಬಾಗಿಲು ಮುಚ್ಚಿದಾಗ, ಫೋನಿನ ಪರದೆಯ ಮೇಲೆಯೇ ನಾನೂ ಭಾಗಾಕಾರ ಹೇಳಿಕೊಟ್ಟವನು. ಆದರೆ ಈ ಕ್ಷೇತ್ರದಲ್ಲಿ ಭವಿಷ್ಯವಾಣಿಗಳ ಇತಿಹಾಸ ಅಷ್ಟು ಹೆಮ್ಮೆಪಡುವಂತಹದಲ್ಲ. ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಅಪ್ರಯೋಜಕವಾಗಿ ಚಲನಚಿತ್ರವೇ ಎಲ್ಲವನ್ನೂ ಕಲಿಸಲಿದೆ ಎಂದು ಥಾಮಸ್ ಎಡಿಸನ್ 1913ರಲ್ಲಿ ಹೇಳಿದ್ದ. ಪೆರು ದೇಶವು ಬಡಮಕ್ಕಳಿಗಾಗಿ ಎಂಟು ಲಕ್ಷಕ್ಕೂ ಹೆಚ್ಚು ಪುಟ್ಟ ಲ್ಯಾಪ್‌ಟಾಪ್‌ಗಳನ್ನು ಕೊಂಡಿತು. 300ಕ್ಕೂ ಹೆಚ್ಚು ಶಾಲೆಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ ಕುರುಹು ಸಿಗಲಿಲ್ಲ. ಯಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪಾಠ ಮೊದಲಿನಂತೆಯೇ ಇದ್ದು, ಅದರ ಮೇಲೆ ಯಂತ್ರವನ್ನು ಹೇರಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಒಂದು ದಿನ ನನ್ನ ಮೇಜಿನ ಮೇಲೆ ಬಂದ ಮನೆಗೆಲಸದ ಪುಸ್ತಕಗಳಲ್ಲಿ ಹನ್ನೊಂದರಲ್ಲಿ ಒಂದೇ ರೀತಿಯ, ನನಗಿಂತ ಅಚ್ಚುಕಟ್ಟಾದ ಉತ್ತರವಿತ್ತು. ಚೆನ್ನಾಗಿ ಓದುವ ಹುಡುಗನೊಬ್ಬನನ್ನು ಕರೆದು, ‘ಮೂರನೇ ಸಾಲು ಎರಡನೇ ಸಾಲಿನಿಂದ ಹೇಗೆ ಬಂತು?’ ಎಂದು ಕೇಳಿದೆ. ಅವನು ಬಹಳ ಹೊತ್ತು ಪುಸ್ತಕ ನೋಡಿ, ‘ಅದು ಬಂದೇ ಇತ್ತು ಸರ್’ ಎಂದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ನಾನು ಅಂಕ ಕೊಟ್ಟದ್ದು ಕೊನೆಯ ಸಾಲಿಗೇ; ಕೊನೆಯ ಸಾಲು ಸುಲಭವಾಗಿ ಸಿಗುವ ಕಡೆಗೆ ಅವನು ಹೋಗಿದ್ದಾನೆ. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದು 2024ರಲ್ಲಿ ಹೊರಬಂದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ತೋರಿಸಿತು. ಗಣಿತದ ಅಭ್ಯಾಸದ ವೇಳೆ ಸಾಮಾನ್ಯ ಕೃತಕ ಬುದ್ಧಿಮತ್ತೆಯ ನೆರವು ಪಡೆದವರು ಇತರರಿಗಿಂತ ಶೇ 48ರಷ್ಟು ಚೆನ್ನಾಗಿ ಲೆಕ್ಕ ಮಾಡಿದರು. ಆ ನೆರವನ್ನು ತೆಗೆದು ಪರೀಕ್ಷೆ ಕೊಟ್ಟಾಗ, ನೆರವನ್ನು ಎಂದೂ ಪಡೆಯದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ನೇರವಾಗಿ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ಸಲಹೆಯೊಡನೆ ರೂಪಿಸಿದ ಯಂತ್ರವನ್ನು ಬಳಸಿದವರಲ್ಲಿ ಈ ಹಾನಿ ಬಹುಪಾಲು ಕಾಣಲಿಲ್ಲ. ಕಾಯಲು ಬಲ್ಲ ಯಂತ್ರ ಮತ್ತು ಕಾಯಲು ಬಾರದ ಯಂತ್ರ ಎಂದು ನಾನು ಇದನ್ನು ಓದಿಕೊಂಡೆ. ಮನೆಗೆಲಸಕ್ಕೆ ಅಂಕ ಕೊಡುವುದನ್ನು ಅಂದಿನಿಂದ ನಿಲ್ಲಿಸಿದ್ದೇನೆ. ಬದಲಿಗೆ ದಿನಕ್ಕೆ ಇಬ್ಬರು ಮಕ್ಕಳು ಐದೈದು ನಿಮಿಷ ಹಲಗೆಯ ಮುಂದೆ ನಿಂತು ತಮ್ಮ ಲೆಕ್ಕದ ದಾರಿಯನ್ನು ವಿವರಿಸುತ್ತಾರೆ, ಉಳಿದವರು ಪ್ರಶ್ನಿಸುತ್ತಾರೆ. ಹತ್ತು ನಿಮಿಷ ಹೋಗುತ್ತದೆ. ಆ ಹತ್ತು ನಿಮಿಷಕ್ಕೂ ನಾನು ಯಾರಿಗೋ ಲೆಕ್ಕ ಕೊಡಬೇಕು.

ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿರುವುದೇ. ಆದರೂ ಎರಡು ಸಂಗತಿಗಳನ್ನು ನೆನಪಿಸಬೇಕು. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಸಂಶೋಧಕರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಪ್ರೌಢಶಾಲೆಗಳಿಗೆ ಕಳುಹಿಸಿ ತಿದ್ದಿಸಿದರು. 142 ಶಿಕ್ಷಕರು ಕೊಟ್ಟ ಅಂಕಗಳು 64ರಿಂದ 98ರವರೆಗೆ ಹರಡಿದ್ದವು. ಭಾಷೆಯ ಪತ್ರಿಕೆಯಾದ್ದರಿಂದ ಹೀಗಾಯಿತು ಎಂದು ಟೀಕೆ ಬಂದಾಗ ಮರುವರ್ಷ ರೇಖಾಗಣಿತದ ಪತ್ರಿಕೆ ಕಳುಹಿಸಿದರು. ಅಂತರ ಇನ್ನೂ ಹೆಚ್ಚಾಯಿತು. ಗಣಿತದವರು ನಾವು ಖಚಿತರು ಎಂದು ಎದೆ ತಟ್ಟಿಕೊಳ್ಳುವಾಗಲೆಲ್ಲ ಇದು ನನಗೆ ನೆನಪಾಗುತ್ತದೆ. ಎರಡನೆಯದು, ರೂತ್ ಬಟ್ಲರ್ ಇಸ್ರೇಲಿನ ಮಕ್ಕಳೊಡನೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ. ಬರೆದ ಕೆಲಸಕ್ಕೆ ಸಲಹೆಯ ಮಾತನ್ನು ಮಾತ್ರ ಪಡೆದ ಮಕ್ಕಳು ಮುಂದಿನ ಸಲ ಸುಧಾರಿಸಿದರು. ಅಂಕ ಮಾತ್ರ ಪಡೆದವರು ಸುಧಾರಿಸಲಿಲ್ಲ. ಸಲಹೆಯ ಜೊತೆಗೆ ಅಂಕವನ್ನೂ ಪಡೆದವರೂ ಸುಧಾರಿಸಲಿಲ್ಲ. ಅಂಕ ಕಂಡೊಡನೆ ಸಲಹೆಯನ್ನು ಓದುವವರು ಯಾರು? ಸಿಂಗಪುರದಂತಹ ಸ್ಪರ್ಧೆಯ ದೇಶವೇ 2019ರಲ್ಲಿ ಪ್ರಾಥಮಿಕ ಶಾಲೆಯ ಮೊದಲ ಎರಡು ತರಗತಿಗಳ ಪರೀಕ್ಷೆಗಳನ್ನು ತೆಗೆದುಹಾಕಿದೆ. ಫಿನ್ಲೆಂಡಿನಲ್ಲಿ ಪ್ರೌಢಶಿಕ್ಷಣದ ಕೊನೆಯವರೆಗೂ ಮಕ್ಕಳೆಲ್ಲರೂ ಬರೆಯಬೇಕಾದ ರಾಷ್ಟ್ರಮಟ್ಟದ ಪರೀಕ್ಷೆಯೇ ಇಲ್ಲ.

ಇಷ್ಟು ಹೇಳಿದಾಗ ನನ್ನನ್ನು ಬಾಯಿಪಾಠದ ವಿರೋಧಿ ಎಂದು ತಿಳಿಯಬಾರದು. ಮಗ್ಗಿ ಬಾಯಿಗೆ ಬರಬೇಕು ಎಂದು ಇಂದಿಗೂ ಹಟ ಹಿಡಿಯುವವನು ನಾನು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಬೆರಳೆಣಿಕೆಯಷ್ಟು. ಏಳೆಂಟಲ ಎಷ್ಟು ಎಂದು ಹುಡುಕುವುದರಲ್ಲಿಯೇ ಅದು ತುಂಬಿಹೋದರೆ ಲೆಕ್ಕದ ಬಗ್ಗೆ ಯೋಚಿಸಲು ಜಾಗವಿರುವುದಿಲ್ಲ. ‘ಎಲ್ಲವೂ ಫೋನಿನಲ್ಲಿ ಸಿಗುವಾಗ ನೆನಪಿಡುವುದೇಕೆ, ವಿಮರ್ಶಾತ್ಮಕ ಚಿಂತನೆ ಕಲಿಸಿ’ ಎನ್ನುವವರಿಗೆ ನನ್ನದೊಂದು ವಿನಂತಿ: ಏನೂ ಗೊತ್ತಿಲ್ಲದ ವಿಷಯದ ಮೇಲೆ ವಿಮರ್ಶಾತ್ಮಕವಾಗಿ ಚಿಂತಿಸಿ ತೋರಿಸಬೇಕು. ಕಡಿಮೆ ಸಂಗತಿಗಳನ್ನು ಗಟ್ಟಿಯಾಗಿ ಕಲಿಯಲಿ ಎಂಬುದು ನನ್ನ ವಾದವೇ ಹೊರತು, ಏನನ್ನೂ ಕಲಿಯದಿರಲಿ ಎಂಬುದಲ್ಲ.

ಓದಲೇ ಬಾರದ ಮಕ್ಕಳ ವಿಷಯದಲ್ಲಂತೂ ಈ ಮಾತು ಇನ್ನೂ ಕಟುವಾಗಿ ಅನ್ವಯಿಸುತ್ತದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಸುಮಾರು ಶೇ 70ರಷ್ಟು ಮಂದಿ ಸರಳವಾದ ಗದ್ಯವನ್ನು ಓದಿ ಅರ್ಥ ಮಾಡಿಕೊಳ್ಳಲಾರರು ಎಂಬುದು ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಸಂಸ್ಥೆಗಳು 2022ರಲ್ಲಿ ಮುಂದಿಟ್ಟ ಅಂದಾಜು. ಆ ಮಗು ಐದನೇ ತರಗತಿಯಲ್ಲಿ ಕುಳಿತಿದೆ ಎಂಬ ಒಂದೇ ಕಾರಣಕ್ಕೆ ಐದನೇ ತರಗತಿಯ ಪಾಠ ಅದರ ತಲೆಯ ಮೇಲೆ ಹಾದುಹೋಗುತ್ತಿರುತ್ತದೆ. ದಿನದ ಒಂದೆರಡು ಗಂಟೆ ತರಗತಿಯ ಗೋಡೆಗಳನ್ನು ಮರೆತು, ಮಕ್ಕಳನ್ನು ಅವರ ಈಗಿನ ಓದಿನ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ವಿಧಾನವನ್ನು ಪ್ರಥಮ್ ಸಂಸ್ಥೆ ಭಾರತದಲ್ಲಿ ಬೆಳೆಸಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ಪ್ರಯೋಗಗಳಲ್ಲಿ ಅದು ಫಲ ಕೊಟ್ಟಿತು, ಬೇರೆ ದೇಶಗಳಿಗೂ ಹೋಯಿತು. ಆ ಎರಡು ಗಂಟೆಗಳನ್ನು ಮುಂಗಡವಾಗಿ ಮೀಸಲಿಟ್ಟದ್ದೇ ಅದರ ಬಲ ಎಂದು ನನಗೆ ತೋರುತ್ತದೆ. ‘ನಿಮ್ಮ ಪಾಠ ಮುಗಿದ ಮೇಲೆ ಹೊತ್ತು ಉಳಿದರೆ ಮಾಡಿ’ ಎಂದಿದ್ದರೆ ಅದು ಎಂದೂ ನಡೆಯುತ್ತಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ದೊಡ್ಡವಲ್ಲ, ಆದರೆ ಅವನ್ನು ಒಪ್ಪಿಕೊಳ್ಳುವುದು ತಮಗೆ ಸುಲಭವಾಗಲಾರದು. ಪಠ್ಯಕ್ರಮದಲ್ಲಿ ಹೊಸ ವಿಷಯವೊಂದನ್ನು ಸೇರಿಸುವವರು, ಅದು ಕೋಡಿಂಗ್ ಆಗಿರಲಿ, ಹಣಕಾಸಿನ ಅರಿವಾಗಿರಲಿ, ಹವಾಮಾನವಾಗಿರಲಿ, ಅದೇ ಆದೇಶದಲ್ಲಿ ಯಾವ ವಿಷಯವನ್ನು ತೆಗೆಯಲಾಗಿದೆ ಎಂಬುದನ್ನೂ ಬರೆಯಬೇಕೆಂಬ ನಿಯಮ ಮಾಡಿ. ಪ್ರತಿ ವಿಷಯಕ್ಕೆ ಕೊಟ್ಟ ಅವಧಿಗಳಲ್ಲಿ ಐದರಲ್ಲಿ ಒಂದನ್ನಾದರೂ ಯಾವ ಅಧ್ಯಾಯಕ್ಕೂ ಹಂಚದೆ ಖಾಲಿ ಬಿಡಿ. ಹಿಂದಿನದಕ್ಕೆ ಮರಳಲು, 2/5ರಂತಹ ಪ್ರಶ್ನೆ ಬಂದಾಗ ನಿಲ್ಲಲು ಅದು ಶಿಕ್ಷಕರ ಕೈಯಲ್ಲಿರಲಿ. ನಾವು ತುಂಬುವ ನಮೂನೆಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ಹರಡಿ, ಅವುಗಳಲ್ಲಿ ಕಳೆದ ವರ್ಷ ಯಾರಾದರೂ ಓದಿದವು ಎಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಉಳಿದವನ್ನು ರದ್ದು ಮಾಡಿ. ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ನೋಡುವ ಹೊತ್ತು ಅಲ್ಲಿಂದಲೇ ಸಿಗುತ್ತದೆ. 2030ರ ವೇಳೆಗೆ ಜಗತ್ತಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕಾಗುತ್ತಾರೆ ಎಂದು ಯುನೆಸ್ಕೊ ಲೆಕ್ಕ ಹಾಕಿದೆ. ಹೊಸಬರನ್ನು ಹುಡುಕುವ ಮೊದಲು, ಇರುವವರು ಏಕೆ ಬಿಟ್ಟುಹೋಗುತ್ತಿದ್ದಾರೆ ಎಂದು ಕೇಳಿದರೆ ಸಂಬಳದ ಜೊತೆಗೆ ಈ ನಮೂನೆಗಳ ಹೆಸರೂ ಕೇಳಿಬರುತ್ತದೆ.

ಕೊನೆಯದಾಗಿ ಒಂದು ಆಹ್ವಾನ. ಮುಂದಿನ ಸಲ ತಪಾಸಣೆಗೆ ಬಂದಾಗ ತಾವು ಮುಂದಿನ ಕುರ್ಚಿಯಲ್ಲಿ ಕೂರುವ ಬದಲು ಕೊನೆಯ ಸಾಲಿನಲ್ಲಿ, ಮಕ್ಕಳ ನಡುವೆ ಕುಳಿತುಕೊಳ್ಳಬೇಕು. ಕೈಗಡಿಯಾರವನ್ನು ಬಿಚ್ಚಿ ಎದುರಿಗೆ ಇಟ್ಟುಕೊಳ್ಳಿ. ನಾನು ಪ್ರಶ್ನೆ ಕೇಳಿದ ಕ್ಷಣದಿಂದ ತರಗತಿಯಲ್ಲಿ ಮುಂದಿನ ದನಿ ಕೇಳುವವರೆಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ. ಆ ದನಿ ನನ್ನದೋ ಮಗುವಿನದೋ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ. ಒಂದು ಅವಧಿಗೆ ಒಂದು ಹಾಳೆ ಸಾಕು. ಅವಧಿ ಮುಗಿದ ಮೇಲೆ ಆ ಹಾಳೆಯನ್ನು ನನಗೂ ತೋರಿಸಿ. ಪಾಠ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಬೇಕಿದ್ದರೆ ಆಮೇಲೆ ನೋಡಬಹುದು. ದಾಖಲೆ ಪುಸ್ತಕ ಮೇಜಿನ ಮೇಲೆಯೇ ಇರುತ್ತದೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕ